ಉಗ್ರಾಣದ ಬಸ್ಸು

ನನ್ನ ಮಗಳನ್ನು ಕೊಟ್ಟ ಊರಿನಲ್ಲಿ ಮಗು ಹುಟ್ಟಿದ ಸುದ್ದಿ ತಿಳಿದರೆ ನೆಂಟರು ಬೆಳ್ಳಿ ಬಟ್ಟಲು, ಕುಲಾವಿ ಅಂತೆಲ್ಲ ತರುವುದಿಲ್ಲ. ಒಂದು ಚೀಲ ಅವರೆಕಾಯಿ ತಂದು ಹಜಾರದಲ್ಲಿ ಇಳಿಸುತ್ತಾರೆ. ಅದು ಬಾಣಂತಿಗಲ್ಲ, ಮನೆಯ ದೊಡ್ಡವರ ಕೈಗೆ. ಮಗು ಅಂಬೆಗಾಲಿಡಲು ಶುರುಮಾಡಿತೆಂದರೆ ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಅವರೆಕಾಯಿ ಸುಲಿಯುತ್ತಲೇ ಕೂರಬೇಕು. ಕೈ ಖಾಲಿ ಇದ್ದರೆ ಅದು ಮಗುವಿನ ಕಡೆ ಹೋಗುತ್ತದೆ. ಹೋದರೆ ಕೆಟ್ಟಿತು. ಮೊದಲ ಹಾಲುಹಲ್ಲು ಬೀಳುವ ತನಕ ಮಗು ಯಾವುದರ ಜೊತೆ ಗುದ್ದಾಡುತ್ತಿದೆಯೋ ಅದನ್ನು ದೊಡ್ಡವರು ಬಿಡಿಸಿಕೊಡಲು ಹೋದರೆ, ಆ ಊರಿನಲ್ಲಿ ಅದು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಗಂಟಾದರೆ ಗಂಟು, ಡಬ್ಬಿಯ ಮುಚ್ಚಳವಾದರೆ ಮುಚ್ಚಳ. ಕೈಯನ್ನೇ ಹಾಕಬೇಕೆಂದಿಲ್ಲ, ಉಪಾಯ ಹೇಳಿಕೊಟ್ಟರೂ ಸಾಕು. ಆಮೇಲೆ ಮಗುವೇ ತಾನಾಗಿ ದಾರಿ ಕಂಡುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಊರಿನವರಿಗೆ ಇದೆಲ್ಲ ಅಭ್ಯಾಸವಾಗಿಹೋಗಿದೆ. ಅಲ್ಲೊಬ್ಬರು ದೊಡ್ಡ ವಕೀಲರಿದ್ದಾರೆ. ಬಾಲವಾಡಿಗೆ ಹೋಗುವಾಗ ಕತ್ತಿಗೆ ಹಾಕಿಕೊಂಡಿದ್ದ ನೀರಿನ ಬಾಟಲಿಯ ಪಟ್ಟಿ ಸಿಕ್ಕಿಹಾಕಿಕೊಂಡಿತಂತೆ. ಸೋದರಮಾವ ಪ್ರೀತಿ ಉಕ್ಕಿ ಬಿಡಿಸಲು ಹೋದನಂತೆ. ಆಮೇಲೆ ಅದು ಕತ್ತರಿಗೂ ಬಗ್ಗಲಿಲ್ಲ. ಇವತ್ತಿಗೂ ಅವರು ಆ ನೀಲಿ ಬಾಟಲಿಯನ್ನು ಕರಿ ಕೋಟಿನೊಳಗೆ ತೂರಿಸಿಕೊಂಡೇ ಕೋರ್ಟಿಗೆ ಹೋಗುತ್ತಾರೆ. ಯಾರೂ ನಗುವುದಿಲ್ಲ. ಬಿಸಿಲು ಜಾಸ್ತಿಯಾದರೆ ಅದರಲ್ಲೇ ನೀರೂ ಕುಡಿಯುತ್ತಾರೆ. ಇನ್ನು ಮನೆಗಳ ಚಿಲಕಗಳು. ಎಲ್ಲ ಬಾಗಿಲಿಗೂ ಚಿಲಕ ಮೊಣಕಾಲಿನ ಎತ್ತರದಲ್ಲೇ. ಮೇಲಿದ್ದರೆ ಒಳಗೆ ಸಿಕ್ಕಿಕೊಂಡ ಮಗುವನ್ನು ಬಿಡಿಸುವವರು ಯಾರು? ಹಾಗಾಗಿ ದೊಡ್ಡವರೇ ದಿನವೆಲ್ಲ ಬಗ್ಗಿ ಬಗ್ಗಿ ಬಾಗಿಲು ಹಾಕಿ ತೆಗೆಯುತ್ತಾರೆ. ಆ ಊರಿನ ಔಷಧದಂಗಡಿಯಲ್ಲಿ ಸೊಂಟನೋವಿನ ಮುಲಾಮಿನಷ್ಟು ಬೇರೇನೂ ಖರ್ಚಾಗುವುದಿಲ್ಲ.

ಇಂಥ ಊರಿಗೆ, ಹೋಗಿ ಹೋಗಿ, ನಾನು ಬಂದೆ. ನನ್ನ ಕೈಗಳ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಅವು ಸುಮ್ಮನಿರುವ ಜಾತಿಯವಲ್ಲ. ಯಾರಾದರೂ ನನ್ನೆದುರು ಸೂಜಿಗೆ ದಾರ ಪೋಣಿಸುತ್ತಿದ್ದರೆ ನನ್ನ ಬಾಯಿ ತಾನಾಗಿ ಚೂಪಾಗುತ್ತದೆ. ಮದುವೆ ಮನೆಯಲ್ಲಿ ಗುರುತಿಲ್ಲದ ಹೆಂಗಸಿನ ಸೆರಗನ್ನೂ ಸರಿಮಾಡಿದ್ದುಂಟು. ಮಗಳು ಸುಪ್ರಭ ಚಿಕ್ಕವಳಿದ್ದಾಗ ಕಿತ್ತಳೆ ಸುಲಿದು, ತೊಳೆಯ ಬೀಜ ತೆಗೆದು, ನಾರು ಬಿಡಿಸಿ ಕೊಡುತ್ತಿದ್ದೆ; ಅವಳು ಬಾಯಿ ತೆರೆದರೆ ಸಾಕಿತ್ತು. ಈಗ ನಮ್ಮ ಮನೆಯಲ್ಲಿ ಬಿಡಿಸಿಕೊಡಲು ಏನೂ ಉಳಿದಿರಲಿಲ್ಲ. ನಮ್ಮ ಯಜಮಾನರು ಕೂಡ ತಮ್ಮ ಕನ್ನಡಕವನ್ನು ತಾವೇ ಹುಡುಕಿಕೊಳ್ಳಲು ಕಲಿತುಬಿಟ್ಟಿದ್ದರು. ಆಗ ಸುಪ್ರಭ ಫೋನು ಮಾಡಿ, "ಅಮ್ಮ, ನಾನು ಮತ್ತೆ ಕೆಲಸಕ್ಕೆ ಸೇರ್ತಾ ಇದ್ದೀನಿ, ಮಗೂನ ನೋಡ್ಕೊಳ್ಳೋಕೆ ಬರ್ತೀಯಾ?" ಅಂದಳು. ಅವಳು ಮಾತು ಮುಗಿಸುವುದರೊಳಗೆ ನಾನು ಪೆಟ್ಟಿಗೆಯಲ್ಲಿ ಸೀರೆ ಮಡಿಸಿಡುತ್ತಿದ್ದೆ.

ಮೊಮ್ಮಗಳ ಹೆಸರು ಇಬ್ಬನಿ. ನಾಲ್ಕು ವರ್ಷ. ಒಂದು ಹಲ್ಲೂ ಅಲ್ಲಾಡುತ್ತಿಲ್ಲ; ನಾನು ಬಂದ ದಿನವೇ ಬೆರಳು ಹಾಕಿ ನೋಡಿದ್ದೆ. ಅವಳು ನನ್ನನ್ನು ಊರಜ್ಜಿ ಅನ್ನುತ್ತಾಳೆ, ತನ್ನ ಅಪ್ಪನ ಅಮ್ಮ ತುಂಗಮ್ಮನವರನ್ನು ಮನೆಯಜ್ಜಿ. ಹೊರಗಿನ ಊರಿಂದ ಬಂದವಳು ಅನ್ನುವ ಅರ್ಥದಲ್ಲಿ ಮಗು ಸಹಜವಾಗಿಯೇ ಇಟ್ಟ ಹೆಸರು. ಆದರೂ ನನಗದು ಎಲ್ಲೋ ಸ್ವಲ್ಪ ಚುಚ್ಚುತ್ತಿತ್ತು. ಬೀಗಿತ್ತಿ ತುಂಗಮ್ಮನವರು ಆ ಊರಿನಲ್ಲೇ ಹುಟ್ಟಿ, ಆ ಊರಿನಲ್ಲೇ ಮದುವೆಯಾಗಿ, ಆ ಊರಿನಲ್ಲೇ ಮಕ್ಕಳನ್ನು ಹೆತ್ತವರು. ಮಗು ಮೂರು ಚಕ್ರದ ಸೈಕಲ್ಲನ್ನು ಎರಡು ಕಂಬಗಳ ನಡುವೆ ಸಿಕ್ಕಿಸಿಕೊಂಡು ಅರಚಿದರೂ, ಆಕೆ ಕಾಳಿನಿಂದ ಕಣ್ಣೆತ್ತದೆ, "ಹೌದಾ? ಆಮೇಲೆ?" ಅನ್ನುತ್ತಾರೆ. ಅಷ್ಟೇ. ಮಗು ಅತ್ತು, ಒದ್ದು, ಸ್ವಲ್ಪ ಹೊತ್ತು ಸೈಕಲ್ಲಿನ ಜೊತೆ ಮಾತಾಡಿ, ಕೊನೆಗೆ ಅದನ್ನು ಹಿಂದಕ್ಕೆ ತಳ್ಳಿ ಬಿಡಿಸಿಕೊಳ್ಳುತ್ತದೆ. ಅಷ್ಟರಲ್ಲಿ ನನ್ನ ಉಗುರುಗಳೆಲ್ಲ ಅಂಗೈಗೆ ನಾಟಿರುತ್ತಿದ್ದವು.

"ವಾರಿಜಮ್ಮ, ಕೈ ತುರಿಸ್ತಾ ಇದೆಯಾ?" ಅಂತ ಬೀಗಿತ್ತಿ ಕೇಳುತ್ತಿದ್ದರು. "ಒಂದು ಮೊರ ಅವರೆಕಾಯಿ ಕೊಡಲಾ?"

"ಬೇಡಿ ತುಂಗಮ್ಮನವರೇ. ನಿಮ್ಮ ಮನೆಗೆ ಬಂದಾಗಿಂದ ಅವರೆಕಾಳಿನ ಸಾರು, ಅವರೆಕಾಳಿನ ಉಪ್ಪಿಟ್ಟು, ಅವರೆಕಾಳಿನ ರೊಟ್ಟಿ. ಇನ್ನು ಕಾಫಿಗೂ ಹಾಕಬಹುದು."

"ನಿಮ್ಮ ಮಗಳನ್ನ ನೀವು ಬೆಳೆಸಿದ ರೀತಿ ನೋಡಿದರೆ, ಆ ಕಾಲದಲ್ಲಿ ನಿಮಗೊಂದು ಗಾಡಿ ಅವರೆಕಾಯಿ ಕಳಿಸಬೇಕಿತ್ತು."

ಇಂಥ ಮಾತನ್ನು ಆಕೆ ನಗುನಗುತ್ತಲೇ ಆಡುತ್ತಾರೆ. ತಿರುಗಿ ಏನಾದರೂ ಅನ್ನೋಣವೆಂದರೆ ಅಷ್ಟರಲ್ಲಿ ಕಾಫಿ ಲೋಟ ಕೈಗೆ ಬಂದಿರುತ್ತದೆ, ಅದೂ ಬಲು ಚೆನ್ನಾಗಿರುತ್ತದೆ.

ಬಂದ ವಾರದಲ್ಲೇ ನಾನು ಎಡವಟ್ಟು ಮಾಡಿದೆ. ಇಬ್ಬನಿ ಫ್ರಾಕಿನ ಬೆನ್ನ ಗುಂಡಿಯನ್ನು ಬಿಚ್ಚಲು ತನ್ನ ಸುತ್ತ ತಾನೇ ಬುಗುರಿಯ ಹಾಗೆ ತಿರುಗುತ್ತಿದ್ದಳು. ಯಾರೂ ಇರಲಿಲ್ಲ. ನನ್ನ ಕೈ ನನ್ನನ್ನು ಕೇಳಲಿಲ್ಲ. ಆಮೇಲೆ ಆ ಗುಂಡಿ ಬಟ್ಟೆಗೆ ಬೆಸುಗೆ ಹಾಕಿದಂತಾಯಿತು. ಮಗು ಫ್ರಾಕಿನಲ್ಲೇ ಮಲಗಿತು, ಫ್ರಾಕಿನಲ್ಲೇ ಸ್ನಾನ ಮಾಡಿತು, ಬಿಸಿಲಿನಲ್ಲಿ ನಿಂತು ಮೈಮೇಲೇ ಅದನ್ನು ಒಣಗಿಸಿಕೊಂಡಿತು. ಒಂದು ದಿನ ಅವಳೇ ಆಮೆಯಾಟ ಆಡುತ್ತ ಕೈಕಾಲು ಒಳಗೆಳೆದುಕೊಂಡು ಕೆಳಗಿನಿಂದ ನುಸುಳಿ ಈಚೆ ಬಂದಳು. ಗುಂಡಿ ಹಾಕಿದ್ದ ಹಾಗೆಯೇ ಇತ್ತು.

ಸುಪ್ರಭ ರೇಗಲಿಲ್ಲ. ಫ್ರಾಕನ್ನು ಮಡಿಸುತ್ತ ಮೆಲ್ಲಗೆ ಹೇಳಿದಳು: "ಅಮ್ಮ, ಸೋಮವಾರದಿಂದ ನಾನು ಕೆಲಸಕ್ಕೆ. ಇನ್ನೊಂದು ಸಲ ಹೀಗಾದರೆ ನೀನು ಊರಿಗೆ ಹೊರಟುಬಿಡು. ಅತ್ತೆ ಒಬ್ಬರೇ ಹೇಗೋ ನೋಡ್ಕೋತಾರೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡ್ಕೋಬೇಡ ಅಂದದ್ದಕ್ಕೇ ನನಗೆ ಬೇಜಾರಾಯಿತು. ಕೈ ಹಾಕದೆ ಪ್ರೀತಿಸುವುದು ಹೇಗೆ ಅಂತ ನನಗೆ ಯಾರೂ ಕಲಿಸಿರಲಿಲ್ಲ. ನನ್ನಮ್ಮನಂತೂ ನನ್ನ ಮದುವೆಯ ದಿನವೂ ತುತ್ತು ಕಲಸಿ ಬಾಯಿಗಿಟ್ಟವಳು.

ಆ ಶನಿವಾರ ಸುಪ್ರಭ ಗಂಡನ ಜೊತೆ ಪೇಟೆಗೆ ಹೋಗಿದ್ದಳು. ತುಂಗಮ್ಮ ಕೋವಾ ಮಾಡಲೆಂದು ದೊಡ್ಡ ಪಾತ್ರೆಯ ತುಂಬ ಹಾಲನ್ನು ಗ್ಯಾಸ್ ಒಲೆಯ ಮೇಲೆ ಸಣ್ಣ ಉರಿಯಲ್ಲಿಟ್ಟಿದ್ದರು. ಇಬ್ಬನಿ ನಡುಮನೆಯಲ್ಲಿ ಬಸ್ಸಿನಾಟ ಆಡುತ್ತಿದ್ದಳು. ಬಟ್ಟೆ ಕ್ಲಿಪ್ಪುಗಳೆಲ್ಲ ಪ್ರಯಾಣಿಕರು, ಸೌಟು ಸ್ಟೇರಿಂಗು, ಗೊಂಬೆ ಡ್ರೈವರು, ಇವಳು ಕಂಡಕ್ಟರು. ಮಗು ರಸ್ತೆಗೆ ಓಡದಿರಲಿ ಅಂತ ನಾನು ಮುಂಬಾಗಿಲಿಗೆ ಒಳಗಿಂದ ಬೀಗ ಹಾಕಿ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ತುಂಗಮ್ಮ ಅವರೆಕಾಯಿ ಮೂಟೆ ಎಳೆಯಲು ಉಗ್ರಾಣಕ್ಕೆ ಹೋದರು. ಒಬ್ಬರ ಕೈಲಿ ಆಗುವ ಕೆಲಸವಲ್ಲ. ನಾನೂ ಹಿಂದೆ ಹೋದೆ. ದೊಡ್ಡವರಿಗೆ ಸಹಾಯ ಮಾಡಬಾರದೆಂದು ಆ ಊರಿನಲ್ಲಿ ನಿಯಮವಿಲ್ಲವಲ್ಲ.

ಹಿಂದಿನಿಂದ ಬಾಗಿಲು ಧಡ್ ಅಂತ ಮುಚ್ಚಿಕೊಂಡಿತು. ಚಿಲಕ ಸರಿದ ಸದ್ದು. "ರೈಟ್, ರೈಟ್!"

ನಾವು ಬಸ್ಸಿನೊಳಗಿದ್ದೆವು.

ಒಂದು ಕ್ಷಣ ಇಬ್ಬರೂ ಬಾಗಿಲಿಗೆ ಒರಗಿಕೊಂಡು ನಕ್ಕೆವು. "ಕಂಡಕ್ಟರಮ್ಮ, ಬಾಗಿಲು ತೆಗೀರಿ," ಅಂದರು ತುಂಗಮ್ಮ. ಹೊರಗೆ ಚಿಲಕದ ಜೊತೆ ಗುದ್ದಾಡುವ ಸದ್ದು ಕೇಳಿಸಿತು. ಆಮೇಲೆ, "ಬರ್ತಾ ಇಲ್ಲ ಅಜ್ಜಿ. ಸಿಕ್ಕೊಂಡಿದೆ."

ನಾನು ಬಾಗಿಲಿಗೆ ಬಿದ್ದೆ. "ಹಿಡಿಯನ್ನ ಮೇಲಕ್ಕೆ ಎತ್ತು ಪುಟ್ಟಾ, ಎತ್ತಿಕೊಂಡು ಆಮೇಲೆ ಪಕ್ಕಕ್ಕೆ ಎಳಿ!" ಬಾಯಿಂದ ಬಂದುಹೋಯಿತು. ಹೊರಗೆ ಕಬ್ಬಿಣ ಕಿರ್ ಅಂತ ಅರಚಿದ್ದು ನನ್ನ ಹಲ್ಲಿನ ತನಕ ಬಂತು.

"ಇನ್ನೊಂದು ಸಲ ಹೇಳಿ," ಅಂದರು ತುಂಗಮ್ಮ. "ಗೋಡೆಗೇ ಬೆಸೆದುಕೊಳ್ಳಲಿ. ನಾವಿಬ್ಬರೂ ಇಲ್ಲೇ ಉಪ್ಪಿನಕಾಯಿ ಆಗೋಣ. ಜಾಡಿ ಬೇಕಾದಷ್ಟಿದೆ."

"ಪಕ್ಕದ ಮನೆಯವರನ್ನ ಕೂಗೋಣವಾ?"

"ಕೂಗಿದರೆ ಬರೋದು ಎಲ್ಲಿಂದ? ಮುಂಬಾಗಿಲ ಬೀಗದಕೈ ಎಲ್ಲಿದೆ ಗೊತ್ತಾ ನಿಮಗೆ?"

ನಾನು ಸೊಂಟ ಮುಟ್ಟಿ ನೋಡಿಕೊಂಡೆ. ಬೀಗಿತ್ತಿ ನನ್ನನ್ನೇ ನೋಡಿದರು. ಆ ನೋಟಕ್ಕೆ ಬದಲು ನಾಲ್ಕು ಮಾತು ಅಂದಿದ್ದರೆ ನನಗೆ ಹಿತವಾಗಿರುತ್ತಿತ್ತು.

ಆಗ ಮಗು ಹೊರಗಿನಿಂದ ಹೇಳಿತು: "ಮನೆಯಜ್ಜಿ, ಹಾಲು ಮೇಲೆ ಮೇಲೆ ಬರ್ತಾ ಇದೆ. ನಾನು ಹೋಗಿ ನೋಡ್ಲಾ?"

ತುಂಗಮ್ಮನ ಮುಖ ಬಿಳುಚಿಕೊಂಡಿತು. ಸೈಕಲ್ಲು ಸಿಕ್ಕಿಕೊಂಡಾಗ, ಮಗು ಬಿದ್ದು ಮಂಡಿ ತರಚಿಕೊಂಡಾಗ ಕಣ್ಣೆತ್ತದ ಹೆಂಗಸು ಎರಡೂ ಕೈಯಲ್ಲಿ ಬಾಗಿಲನ್ನು ಗುದ್ದಿದರು. "ಇಬ್ಬನೀ, ಒಲೆಯ ತಿರುಪನ್ನ..."

ನಾನು ಅವರ ಬಾಯಿ ಮುಚ್ಚಿದೆ. ಬೀಗಿತ್ತಿಯ ಬಾಯಿಗೆ ಕೈ ಅಡ್ಡ ಹಿಡಿಯುವುದು ಯಾವ ಊರಿನ ಮರ್ಯಾದೆಯೂ ಅಲ್ಲ, ಆದರೆ ಬೇರೆ ದಾರಿಯಿರಲಿಲ್ಲ. ಉಪಾಯ ಹೇಳಿದ್ದರೆ ಆ ತಿರುಪು ಬಿಗಿದುಕೊಂಡು, ಉರಿ ಆ ಮನೆಯಲ್ಲಿ ಇನ್ನು ಯಾವತ್ತೂ ಆರುತ್ತಿರಲಿಲ್ಲ. ಒಲೆಯ ಎದುರಿಗೆ ಸ್ಟೂಲು ಹತ್ತಿ ನಿಂತ ಮಗು ನನ್ನ ಕಣ್ಣಿಗೆ ಕಟ್ಟಿತು. ಆದರೆ ಬಾಯಿಂದ ಬಂದ ಮಾತು ಮಾತ್ರ ಟಿಕೆಟ್ಟಿಲ್ಲದೆ ಹತ್ತಿದ ಮುದುಕಿಯ ಮಾತಿನಂತಿತ್ತು.

"ಏನಮ್ಮಾ ಕಂಡಕ್ಟರ್ರೇ, ಬಸ್ಸು ತುಂಬ ಜನ ಇದ್ದಾರೆ, ನೀವು ಬಸ್ಸು ಬಿಟ್ಟು ಹಾಲು ನೋಡೋಕೆ ಹೋಗಬಹುದಾ?"

ಹೊರಗೆ ಯೋಚನೆ ನಡೆಯಿತು. "ಹೋಗಬಾರದು," ಅಂದಳು ಇಬ್ಬನಿ ಗಂಭೀರವಾಗಿ.

"ನಮ್ಮ ಸ್ಟಾಪು ಬಂದುಬಿಡ್ತು. ಇಳೀಬೇಕಲ್ಲ. ಈಗೇನು ಮಾಡೋದು?"

"ತಾಳಿ. ಡ್ರೈವರನ್ನ ಕೇಳ್ತೀನಿ." ಗೊಂಬೆಯ ಜೊತೆ ಪಿಸುಪಿಸು ನಡೆಯಿತು. ಗೊಂಬೆಗೂ ಏನೂ ಹೊಳೆಯಲಿಲ್ಲವೆಂದು ಕಾಣುತ್ತದೆ. ಸೌಟಿನಿಂದ ಚಿಲಕಕ್ಕೆ ಹೊಡೆದದ್ದು ಕೇಳಿಸಿತು. ಆಮೇಲೆ ಅದಕ್ಕೆ ಬುದ್ಧಿ ಹೇಳಿದ್ದು. ಆಮೇಲೆ ಮುದ್ದು ಮಾಡಿದ್ದು. ನಾವಿಬ್ಬರೂ ಒಂದೊಂದು ಸದ್ದೂ ತಪ್ಪಿಹೋಗದಿರಲಿ ಅಂತ ಬಾಗಿಲಿಗೆ ಕಿವಿಯೊತ್ತಿ, ಭುಜವೊತ್ತಿ, ನಮ್ಮ ವಯಸ್ಸಿನ ಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಂತಿದ್ದೆವು. ಹಾಲು ಸೀದ ವಾಸನೆ ಬಾಗಿಲ ಸಂದಿನಿಂದ ಬರಲು ಶುರುವಾಗಿತ್ತು. ತುಂಗಮ್ಮ ನನ್ನ ಮುಂಗೈಯನ್ನು ಬಳೆ ಒಡೆಯುವ ಹಾಗೆ ಹಿಡಿದುಕೊಂಡಿದ್ದರು.

ಗಾಬರಿಯಲ್ಲಿ ಅವರ ಕಾಲು ಮೆಣಸಿನಕಾಯಿ ಚೀಲಕ್ಕೆ ತಗುಲಿತು. ಘಾಟು ಎದ್ದಿತು. ಇಬ್ಬರಿಗೂ ಕೆಮ್ಮು ಒತ್ತಿಕೊಂಡು ಬಂತು. ಬಗ್ಗಿ, ತಿರುಗಿ, ಮೂಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆವು.

"ಅಜ್ಜೀ!" ಹೊರಗೆ ಕಿರುಚಿದಳು ಇಬ್ಬನಿ. "ಏನು ಮಾಡಿದ್ರಿ? ಚಿಲಕ ಅಲ್ಲಾಡ್ತು!"

"ಕೆಮ್ಮಿದೆವು."

"ಇನ್ನೊಂದು ಸಲ ಕೆಮ್ಮಿ."

ನಾವು ಓಡಿಬಂದು ಬಾಗಿಲಿಗೆ ಕಿವಿಕೊಟ್ಟು ಕೆಮ್ಮಿದೆವು.

"ಇಲ್ಲ. ಜೋರಾಗಿ ಕೆಮ್ಮಿ."

ಜೋರಾಗಿ ಕೆಮ್ಮಿದೆವು. ಜೀವಮಾನದಲ್ಲಿ ಅಷ್ಟು ವಿಧೇಯಳಾಗಿ ನಾನು ಯಾರ ಮಾತನ್ನೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಹಾಲು ಸೀಯುತ್ತಿತ್ತು, ಉಗ್ರಾಣದಲ್ಲಿ ಇಬ್ಬರು ಬೀಗಿತ್ತಿಯರು ಅಪ್ಪಣೆಯ ಪ್ರಕಾರ ಕೆಮ್ಮುತ್ತಿದ್ದರು.

"ಆಗ ಕೆಮ್ಮುವಾಗ ಎಲ್ಲಿದ್ರಿ?" ಮಗುವಿನ ದನಿ ನಿಧಾನವಾಗಿತ್ತು.

ನನಗೆ ಆ ಕ್ಷಣ ಎಲ್ಲವೂ ಹೊಳೆಯಿತು. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಭಾರ ಹಾಕಿದಷ್ಟೂ ಚಿಲಕ ಕಚ್ಚಿಕೊಳ್ಳುತ್ತದೆ. ಹೊಳೆದದ್ದು ನಾಲಗೆಯ ತುದಿಗೆ ಬಂದು ಕುಣಿಯಿತು. ಅದನ್ನು ಅಲ್ಲೇ ಹಿಡಿದಿಟ್ಟುಕೊಳ್ಳಲು ನಾನು ಪಟ್ಟ ಪಾಡನ್ನು ಹೆರಿಗೆಯಲ್ಲೂ ಪಟ್ಟಿರಲಿಲ್ಲ. ತಪ್ಪಿ ಕೂಡ ಮೈ ಹಿಂದೆ ಸರಿಸಲಿಲ್ಲ. ಅದೂ ಹೇಳಿಕೊಟ್ಟ ಹಾಗೇ ಅಲ್ಲವೇ? ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟೆ.

"ಆಗ ಮೂಟೆ ಹತ್ತಿರ."

"ಈಗ?"

"ಬಾಗಿಲ ಹತ್ತಿರ."

"ಮೂಟೆ ಹತ್ರ ಹೋಗಿ ಕೆಮ್ಮಿ."

ಹೋದೆವು, ಕೆಮ್ಮಿದೆವು. ಚಿಲಕ ಕಟಕ್ ಅಂತ ಅಲ್ಲಾಡಿತು. ತುಂಗಮ್ಮ ಕುಣಿದು ಬಾಗಿಲಿಗೆ ನುಗ್ಗಹೋದರು. ನಾನು ಸೆರಗು ಹಿಡಿದು ಎಳೆದೆ.

"ಈಗ ಮನೆಯಜ್ಜಿ ಮಾತ್ರ ಬಾಗಿಲ ಹತ್ರ ಬರಲಿ. ಊರಜ್ಜಿ ಅಲ್ಲೇ ಇರು." ಬಂದರು. ಅಲ್ಲಾಡಲಿಲ್ಲ. "ಈಗ ಇಬ್ಬರೂ ಮೂಟೆ ಹತ್ರ. ಕೆಮ್ಮಬೇಡಿ."

ಕೆಮ್ಮದಿರುವುದು ಈಗ ಕಷ್ಟವಾಗಿತ್ತು. ಸೆರಗು ಬಾಯಿಗೆ ತುರುಕಿಕೊಂಡು ನಿಂತೆವು. ಚಿಲಕ ಕಟಕಟ ಅಂದಿತು.

"ಕೆಮ್ಮಿಂದ ಅಲ್ಲ ಅಜ್ಜಿ! ನೀವು ಬಾಗಿಲಿಗೆ ಒರಗ್ತೀರಲ್ಲ, ಅದಕ್ಕೇ!" ಕಂಡಕ್ಟರಿಗೆ ಸಿಟ್ಟು ಬಂದಿತ್ತು. "ಏನ್ ಜನಾನಪ್ಪ! ಒಳಗೆ ಹೋಗಿ, ಒಳಗೆ ಹೋಗಿ! ಫುಟ್‌ಬೋರ್ಡ್ ಮೇಲೆ ಯಾರೂ ನಿಲ್ಲಬಾರದು!"

ನಾವು ಒಳಗೆ ಹೋದೆವು. ಹಿಟ್ಟಿನ ಡಬ್ಬದಾಚೆ, ಜಾಡಿಗಳಾಚೆ, ಗೋಡೆಗೆ ಬೆನ್ನು ತಾಗುವ ತನಕ. ಚಿಲಕ ಸರಕ್ಕನೆ ಸರಿಯಿತು. ಬೆಳಕು ಬಂತು. ಬೆಳಕಿನಲ್ಲಿ ಸೌಟು ಹಿಡಿದು ನಿಂತ ಇಬ್ಬನಿ, "ಇಳಿಯೋರೆಲ್ಲ ಬೇಗ ಇಳೀರಿ," ಅಂದಳು.

ಅಡುಗೆಮನೆಯಲ್ಲಿ ಹಾಲು ಉಕ್ಕಿ ಉರಿಯನ್ನು ಆರಿಸಿ, ಗ್ಯಾಸು ಸೋರಿ ಗವ್ವೆನ್ನುತ್ತಿತ್ತು. ತುಂಗಮ್ಮ ತಿರುಪು ಮುಚ್ಚಿದರು, ನಾನು ಕಿಟಕಿಗಳನ್ನೂ ಮುಂಬಾಗಿಲನ್ನೂ ತೆರೆದೆ. ಆಮೇಲೆ ಆಕೆ ನೆಲದ ಮೇಲೆ ಕುಳಿತುಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತು ಯಾರೂ ಯಾರನ್ನೂ ಹಂಗಿಸಲಿಲ್ಲ.

ಸುಪ್ರಭ ಬಂದು ಮೂಗು ಮುಚ್ಚಿಕೊಂಡು, ಪಾತ್ರೆ ನೋಡಿ, ನಮ್ಮಿಬ್ಬರ ಕೆಂಪು ಕಣ್ಣು ನೋಡಿದಳು. ಇಬ್ಬನಿ ಬಸ್ಸಿನ ಕಥೆಯನ್ನು ಒಂದೇ ಉಸಿರಿನಲ್ಲಿ ಒದರಿದಳು. ಸುಪ್ರಭ ನನ್ನ ಕಡೆ ತಿರುಗಿದಳು. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು.

"ಅಮ್ಮ, ನೀನು ಹೇಳಿಕೊಟ್ಟೆಯಾ?"

"ಮೊದಲು ಹೇಳಿಕೊಟ್ಟೆ," ಅಂದೆ. ಸುಳ್ಳು ಹೇಳಿ ಏನು ಪ್ರಯೋಜನ? ಪೆಟ್ಟಿಗೆ ಮಂಚದ ಕೆಳಗೇ ಇತ್ತು.

"ಅದು ಮೊದಲು," ಅಂದರು ತುಂಗಮ್ಮ, ನೆಲದಿಂದ ಏಳದೆಯೇ. "ಆಮೇಲೆ ಒಲೆ ವಿಷಯ ಹೇಳಿಕೊಡೋಕೆ ಹೊರಟಿದ್ದು ನಾನು. ನನ್ನ ಬಾಯಿ ಮುಚ್ಚಿದ್ದು ನಿಮ್ಮಮ್ಮ. ಈ ಊರಲ್ಲಿ ಹುಟ್ಟಿದವಳು ನಾನು, ಸುಪ್ರಭ. ನನ್ನ ಕೈಲಾಗಲಿಲ್ಲ." ಸೊಸೆಯ ಎದುರು ಆ ಮಾತು ಆಡುವುದು ಆಕೆಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ನಾನೂ ಒಬ್ಬ ಅಳಿಯನಿಗೆ ಅತ್ತೆಯೇ. ಅಷ್ಟಕ್ಕೇ ಬಿಡದೆ ಆಕೆ ಸೇರಿಸಿದರು: "ಕೈಗೆ ಸ್ವಲ್ಪ ಬೆಳ್ಳುಳ್ಳಿ ವಾಸನೆ ಇತ್ತು ಅನ್ನೋದು ಬಿಟ್ಟರೆ, ಚೆನ್ನಾಗೇ ಮುಚ್ಚಿದರು."

ಸುಪ್ರಭ ನಗಲಿಲ್ಲ. ತಳ ಹಿಡಿದ ಪಾತ್ರೆಯನ್ನು ನೋಡುತ್ತ ನಿಂತಳು, ಅದರಲ್ಲಿ ಏನೋ ಬರೆದಿದ್ದ ಹಾಗೆ. ಇಬ್ಬನಿ ಅವಳ ಕೈ ಹಿಡಿದು ಜಗ್ಗಿದಳು. "ಅಮ್ಮಾ, ನೀನೂ ಬಸ್ಸು ಹತ್ತು. ಹತ್ತೂ."

"ಎಲ್ಲಿ, ನಡಿ," ಅಂದಳು ಸುಪ್ರಭ. ವ್ಯಾನಿಟಿ ಬ್ಯಾಗನ್ನು ಭುಜದಿಂದ ಇಳಿಸದೆಯೇ ಉಗ್ರಾಣದೊಳಗೆ ಹೋದಳು. ಕಂಡಕ್ಟರು ಬಾಗಿಲು ಹಾಕಿ ಚಿಲಕ ಸರಿಸಿ ರೈಟ್ ಅಂದಳು. ನಾನು ಮಂಡಿ ಹಿಡಿದುಕೊಂಡು ಎದ್ದು ಹೋಗಿ ಬಾಗಿಲ ಹೊರಗೆ, ಮಗುವಿನಿಂದ ಒಂದು ಮಾರು ದೂರದಲ್ಲಿ ನಿಂತೆ. ಆಮೇಲೆ ಬಾಗಿಲ ಮೇಲೆ ಮೆಲ್ಲಗೆ ಭಾರ ಬಿದ್ದ ಸದ್ದು. ನನ್ನ ಮಗಳು ಒರಗಿಕೊಂಡಿದ್ದಳು. ದಣಿದಾಗ ಹಾಗೆಯೇ, ಹಣೆಯನ್ನು ಮೊದಲು ಒತ್ತಿ ಆಮೇಲೆ ಭುಜ. ಚಿಕ್ಕವಳಿದ್ದಾಗಿಂದ ನೋಡಿದ್ದೇನೆ. ಚಿಲಕ ಕಚ್ಚಿಕೊಂಡಿತು. ಇಬ್ಬನಿ ನನ್ನ ಮುಖ ನೋಡಿದಳು, ತುಟಿಗೆ ಬೆರಳಿಟ್ಟು 'ಹೇಳಬೇಡ' ಅಂತ ಕಣ್ಣಲ್ಲೇ ಎಚ್ಚರಿಸಿದಳು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಅಮ್ಮಾ," ಒಳಗಿನಿಂದ ಸುಪ್ರಭ ಕರೆದಳು. "ಹೊರಗೆ ಇದ್ದೀಯಾ?"

"ಇದ್ದೀನಿ."

"ಸೋಮವಾರ?"

"ಸೋಮವಾರಾನೂ ಇರ್ತೀನಿ ಕಣೇ," ಅಂದೆ. "ನಿನ್ನ ಕಂಡಕ್ಟರು ಏನೋ ಹೇಳ್ತಾ ಇದ್ದಾಳೆ ನೋಡು, ಕೇಳಿಸ್ಕೋ."